ಅಜ್ಜಮಾಡ ದೇವಯ್ಯ: ಇಪ್ಪತ್ತಮೂರು ವರ್ಷ ತಡವಾಗಿ ಬಂದ ತೀರ್ಪು

ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು 1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟವರು ಮರಳಿ ಬರಲಿಲ್ಲ. ಅವರಿಗೆ ಆಗ ಮೂವತ್ತೆರಡು ವರ್ಷ. ದೇಶದ ಎರಡನೆಯ ಅತ್ಯುನ್ನತ ಯುದ್ಧಕಾಲದ ಶೌರ್ಯ ಪದಕವಾದ ಮಹಾವೀರ ಚಕ್ರ ಅವರ ಹೆಸರಿಗೆ ಬಂದದ್ದು 1988ರಲ್ಲಿ. ಈ ಎರಡು ದಿನಾಂಕಗಳ ನಡುವಿನ ಇಪ್ಪತ್ತಮೂರು ವರ್ಷಗಳ ಕಾಲ ಕೊಡಗಿನ ಈ ವೀರನ ಹೆಸರು ಸರ್ಕಾರಿ ಕಡತದಲ್ಲಿ ಕಾಣೆಯಾದವರ ಸಾಲಿನಲ್ಲಿ, ಆನಂತರ ಮೃತರ ಸಾಲಿನಲ್ಲಿ ಇತ್ತೇ ಹೊರತು ವೀರರ ಸಾಲಿನಲ್ಲಿ ಇರಲಿಲ್ಲ.

ಸೇನೆಯಲ್ಲಿ ದುಡಿದು ನಿವೃತ್ತರಾದ ಬಳಿಕ ಕರಿಕೋಟು ತೊಟ್ಟು ನ್ಯಾಯಾಲಯದಲ್ಲಿ ಇತರರ ಪರವಾಗಿ ವಾದಿಸುವ ಎರಡನೆಯ ವೃತ್ತಿಯನ್ನು ಆಯ್ದುಕೊಂಡ ಯೋಧರು ನಮ್ಮ ದೇಶದಲ್ಲಿದ್ದಾರೆ. ದೇವಯ್ಯನವರಿಗೆ ಎರಡನೆಯ ವೃತ್ತಿ ಇರಲಿ, ಎರಡನೆಯ ಸರದಿಯ ಹಾರಾಟವೂ ಆ ಯುದ್ಧದಲ್ಲಿ ದೊರೆಯಲಿಲ್ಲ. ಆದರೆ ಅವರ ಸಾವಿನ ನಂತರ ಅವರ ಪರವಾಗಿಯೇ ಒಂದು ವ್ಯಾಜ್ಯ ನಡೆಯಿತು. ಅದು ಯಾವ ನ್ಯಾಯಾಲಯದ ಮೆಟ್ಟಿಲನ್ನೂ ಏರಲಿಲ್ಲ; ಆದರೂ ಅದರಲ್ಲಿ ಸಾಕ್ಷಿಯಿತ್ತು, ವಾದವಿತ್ತು, ತಡವಾಗಿಯಾದರೂ ತೀರ್ಪಿತ್ತು. ಆ ವ್ಯಾಜ್ಯದಲ್ಲಿ ಮುಖ್ಯ ಸಾಕ್ಷಿ ದೊರೆತದ್ದು ಎದುರಾಳಿಯ ಪಾಳಯದಿಂದ ಎಂಬುದೇ ದೇವಯ್ಯನವರ ಜೀವನಕಥೆಯನ್ನು ಇತರ ವೀರಗಾಥೆಗಳಿಂದ ಬೇರೆಯಾಗಿಸುತ್ತದೆ.

ವಾಯುಪಡೆಯ ಓರಗೆಯವರು

ದೇವಯ್ಯನವರು ಜನಿಸಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ಬೋಪಯ್ಯನವರು ವೈದ್ಯರು. ಅದೇ ವರ್ಷದ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತ್ತು. ಹೀಗಾಗಿ ದೇವಯ್ಯನವರು ತಾವು ಸೇರಲಿದ್ದ ಪಡೆಯ ಓರಗೆಯವರೇ. ಮರುವರ್ಷ, 1933ರ ಏಪ್ರಿಲ್ 1ರಂದು, ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ ಕರಾಚಿಯಲ್ಲಿ ರೂಪುಗೊಂಡಿತು. ದೇವಯ್ಯನವರು ತಮ್ಮ ಕೊನೆಯ ಹಾರಾಟವನ್ನು ಕೈಗೊಂಡದ್ದು ಇದೇ ಸ್ಕ್ವಾಡ್ರನ್ನಿನ ವೈಮಾನಿಕರಾಗಿ. ಕರಾಚಿಯಲ್ಲಿ ಹುಟ್ಟಿದ ಹೆಸರಿನ ಪಡೆಯೊಂದು ಮೂರು ದಶಕಗಳ ತರುವಾಯ ಪಾಕಿಸ್ತಾನದ ನೆಲೆಗಳ ಮೇಲೆ ದಾಳಿಗೆ ಹೋಗಬೇಕಾದದ್ದು ಉಪಖಂಡದ ಇತಿಹಾಸದ ವಿಪರ್ಯಾಸಗಳಲ್ಲೊಂದು.

ಕೊಡವರ ಹೆಸರಿನ ಕ್ರಮ ಹೊರಗಿನವರಿಗೆ ಕೊಂಚ ಅಪರಿಚಿತ. ಮೊದಲು ಬರುವುದು ಒಕ್ಕದ ಹೆಸರು, ನಂತರ ತಂದೆಯ ಹೆಸರು, ಕೊನೆಗೆ ವ್ಯಕ್ತಿಯ ಹೆಸರು. ಅಜ್ಜಮಾಡ ಎಂಬುದು ಒಕ್ಕದ ಹೆಸರು. ಒಂದೇ ಮೂಲಪುರುಷನಿಂದ, ಅಂದರೆ ಕಾರಣವನಿಂದ, ಬಂದವರೆಲ್ಲ ಒಂದು ಒಕ್ಕ. ಅವರೆಲ್ಲರಿಗೂ ಸೇರಿದ ಹಿರಿಯ ಮನೆ ಐನ್‌ಮನೆ. ಒಬ್ಬನ ಕೀರ್ತಿಯಾಗಲಿ ಅಪಕೀರ್ತಿಯಾಗಲಿ ಅವನೊಬ್ಬನದೇ ಆಗಿ ಉಳಿಯದೆ ಒಕ್ಕಕ್ಕೆ ಸೇರುತ್ತದೆ ಎಂಬ ಭಾವನೆ ಈ ನಾಡಿನಲ್ಲಿ ಇಂದಿಗೂ ಜೀವಂತವಾಗಿದೆ. ದೇವಯ್ಯನವರ ಹೆಸರಿನ ಪ್ರಶ್ನೆ ಮುಂದೆ ಕೊಡಗಿನಲ್ಲಿ ಅಷ್ಟೊಂದು ಸೂಕ್ಷ್ಮವಾದದ್ದೇಕೆ ಎಂಬುದನ್ನು ಅರಿಯಲು ಈ ಹಿನ್ನೆಲೆ ನೆರವಾಗುತ್ತದೆ.

ದೇವಯ್ಯನವರು ಬೆಳೆದ ಕಾಲದಲ್ಲಿ ಕೊಡಗಿನ ಯುವಕನೊಬ್ಬ ಸೈನ್ಯ ಸೇರುವುದು ಅಚ್ಚರಿಯ ಸಂಗತಿಯೇನೂ ಆಗಿರಲಿಲ್ಲ. ಕೊಡಂದೇರ ಮಾದಪ್ಪ ಕಾರ್ಯಪ್ಪನವರು 1949ರ ಜನವರಿಯಲ್ಲಿ ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದಾಗ ದೇವಯ್ಯನವರಿಗೆ ಹದಿನಾರು ವರ್ಷ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಹೆಸರು ಕಾಶ್ಮೀರದ ಯುದ್ಧದಿಂದ ಮನೆಮಾತಾಗಿತ್ತು. ಆದರೆ ಈ ಇಬ್ಬರೂ ಭೂಸೇನೆಯವರು. ಆಕಾಶವನ್ನು ಆರಿಸಿಕೊಂಡ ಕೊಡಗಿನವರ ಸಂಖ್ಯೆ ಆಗ ಹೆಚ್ಚಿರಲಿಲ್ಲ. ದೇವಯ್ಯನವರು 1954ರಲ್ಲಿ ವಾಯುಪಡೆಯ ವೈಮಾನಿಕ ಅಧಿಕಾರಿಯಾಗಿ ನಿಯುಕ್ತರಾದರು. ಆಗಿನ್ನೂ ಕೊಡಗು ಪ್ರತ್ಯೇಕ ರಾಜ್ಯ. ಮೈಸೂರು ರಾಜ್ಯದೊಡನೆ ಅದು ವಿಲೀನವಾದದ್ದು ಎರಡು ವರ್ಷಗಳ ನಂತರ, 1956ರ ನವೆಂಬರ್ 1ರಂದು.

ಮುಂದಿನ ಹನ್ನೊಂದು ವರ್ಷಗಳಲ್ಲಿ ಅವರು ಸ್ಕ್ವಾಡ್ರನ್ ಲೀಡರ್ ಹುದ್ದೆಗೇರಿದರು. ಸುಂದರಿಯವರೊಡನೆ ವಿವಾಹವಾಯಿತು, ಇಬ್ಬರು ಹೆಣ್ಣುಮಕ್ಕಳ ತಂದೆಯಾದರು. 1965ರ ಯುದ್ಧ ಆರಂಭವಾಗುವ ಹೊತ್ತಿಗೆ ಅವರು ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ತರಬೇತುದಾರರಾಗಿದ್ದರು. ಹೊಸ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಕೆಲಸಕ್ಕೆ ನುರಿತ, ತಾಳ್ಮೆಯುಳ್ಳ ವೈಮಾನಿಕರನ್ನೇ ಆರಿಸುವುದು ರೂಢಿ. ಯುದ್ಧ ಬಂದೊಡನೆ ಅವರನ್ನು ಪಂಜಾಬಿನ ಆದಂಪುರ ನೆಲೆಯಲ್ಲಿದ್ದ ಒಂದನೆಯ ಸ್ಕ್ವಾಡ್ರನ್ನಿಗೆ ಕಳುಹಿಸಲಾಯಿತು. ಹುಲಿಗಳು ಎಂಬ ಅಡ್ಡಹೆಸರು ಆ ಸ್ಕ್ವಾಡ್ರನ್ನಿನದು. ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ ಅದರ ಮುಖ್ಯಸ್ಥರು.

ಏಳನೆಯ ತಾರೀಖಿನ ಮುಂಜಾನೆ

ಸೆಪ್ಟೆಂಬರ್ ಮೊದಲ ವಾರವೆಂದರೆ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಕಾಲ. ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ. ಕೋವಿ, ಕತ್ತಿ, ಒಡಿಕತ್ತಿಗಳನ್ನು ನೆಲ್ಲಕ್ಕಿ ನಡುಬಾಡೆಯಲ್ಲಿಟ್ಟು, ತೋಕ್‌ಪೂ ಸಿಂಗರಿಸಿ ಪೂಜಿಸುವ ಹಬ್ಬವದು. 1965ರಲ್ಲಿ ಅದೇ ವಾರ ದೇಶದ ಪಶ್ಚಿಮ ಗಡಿಯಲ್ಲಿ ನಿಜವಾದ ಆಯುಧಗಳು ಮಾತನಾಡತೊಡಗಿದ್ದವು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೇನೆ ಛಂಬ್ ವಲಯದಲ್ಲಿ ಟ್ಯಾಂಕುಗಳೊಡನೆ ಮುನ್ನುಗ್ಗಿತು. ಸೆಪ್ಟೆಂಬರ್ 6ರಂದು ಭಾರತದ ಸೇನೆ ಅಂತರರಾಷ್ಟ್ರೀಯ ಗಡಿ ದಾಟಿ ಲಾಹೋರಿನತ್ತ ನಡೆಯಿತು. ಅದೇ ಸಂಜೆ ಪಾಕಿಸ್ತಾನದ ವಾಯುಪಡೆ ಪಠಾಣ್‌ಕೋಟ್, ಆದಂಪುರ, ಹಲ್ವಾರಾ ನೆಲೆಗಳನ್ನು ಗುರಿಯಾಗಿಸಿ ದಾಳಿ ನಡೆಸಿತು. ಪಠಾಣ್‌ಕೋಟ್‌ನಲ್ಲಿ ನಿಂತಲ್ಲೇ ಹತ್ತರಷ್ಟು ಭಾರತೀಯ ವಿಮಾನಗಳು ಸುಟ್ಟುಹೋದವು. ಆ ಪೆಟ್ಟಿಗೆ ಮರುದಿನ ಬೆಳಗಾಗುವುದರೊಳಗೆ ಉತ್ತರ ಹೋಗಲೇಬೇಕಿತ್ತು. ಗುರಿ ಸರ್ಗೋಧಾ, ಪಾಕಿಸ್ತಾನ ವಾಯುಪಡೆಯ ಹೃದಯಸ್ಥಾನ, ಅತ್ಯಂತ ಬಲವಾದ ಕಾವಲಿದ್ದ ನೆಲೆ.

ಆದಂಪುರದಿಂದ ಸರ್ಗೋಧಾ ಸುಮಾರು 300 ಕಿಲೋಮೀಟರ್ ದೂರ. ತನೇಜಾ ಅವರ ನಾಯಕತ್ವದಲ್ಲಿ ಹನ್ನೆರಡು ಮಿಸ್ಟೇರ್ ವಿಮಾನಗಳು ಹೋಗುವುದೆಂದು ನಿರ್ಧಾರವಾಗಿತ್ತು. ಆ ಹನ್ನೆರಡರಲ್ಲಿ ಯಾವುದಾದರೂ ಕೈಕೊಟ್ಟರೆ ಅದರ ಜಾಗ ತುಂಬಲು ಬದಲಿ ವೈಮಾನಿಕರಾಗಿ ದೇವಯ್ಯನವರನ್ನು ಸಜ್ಜಾಗಿರಿಸಲಾಗಿತ್ತು. ಅಂದರೆ ಅಂದಿನ ದಾಳಿಯ ಮೂಲಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಕತ್ತಲು ಹರಿಯುವ ಮುನ್ನವೇ ವಿಮಾನಗಳು ನೆಲ ಬಿಟ್ಟವು. ದೇವಯ್ಯನವರೂ ಆ ದಾಳಿಗೆ ಹಾರಿದರು.

ಇಲ್ಲಿ ಎರಡು ವಿಮಾನಗಳ ಬಗ್ಗೆ ಒಂದೆರಡು ಮಾತು ಅಗತ್ಯ. ಮಿಸ್ಟೇರ್ ಫ್ರಾನ್ಸ್ ದೇಶದ ದಸೋ ಕಂಪನಿಯ ಯುದ್ಧವಿಮಾನ. 1950ರ ದಶಕದ ಕೊನೆಯ ಭಾಗದಲ್ಲಿ ನಮ್ಮ ವಾಯುಪಡೆ ಸೇರಿದ್ದ ಅದು ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದು. ನೆಲದ ಗುರಿಗಳ ಮೇಲೆ ದಾಳಿ ಮಾಡಲು ತಕ್ಕದ್ದು. ಎರಡು 30 ಮಿಲಿಮೀಟರ್ ಫಿರಂಗಿಗಳೇ ಆಕಾಶ ಕಾಳಗದಲ್ಲಿ ಅದರ ಆಸರೆ. ಪಾಕಿಸ್ತಾನದ ಬಳಿಯಿದ್ದ ಸ್ಟಾರ್‌ಫೈಟರ್ ಅಮೆರಿಕದ ಲಾಕ್‌ಹೀಡ್ ಕಂಪನಿ ಕಟ್ಟಿದ, ಶಬ್ದದ ಎರಡು ಪಟ್ಟು ವೇಗದ ವಿಮಾನ. ಶತ್ರುವಿಮಾನದ ಬಿಸಿಯನ್ನು ಬೆನ್ನಟ್ಟಿ ಹೋಗುವ ಸೈಡ್‌ವಿಂಡರ್ ಕ್ಷಿಪಣಿಗಳೂ ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ ಫಿರಂಗಿಯೂ ಅದರಲ್ಲಿದ್ದವು. ಆ ಕಾಲದ ಉಪಖಂಡದ ಆಕಾಶದಲ್ಲಿ ಅದನ್ನು ಕಂಡರೆ ಎದುರಾಳಿಗಳು ದೂರ ಸರಿಯಬೇಕು ಎಂಬಷ್ಟು ಅದರ ಹೆಸರಿತ್ತು. ಆದರೆ ಅದಕ್ಕೊಂದು ದೌರ್ಬಲ್ಯವೂ ಇತ್ತು. ರೆಕ್ಕೆಗಳು ಗಿಡ್ಡ, ಬಹು ತೆಳು. ನೇರ ಓಟದಲ್ಲಿ ಅದನ್ನು ಹಿಡಿಯುವವರಿಲ್ಲ; ಆದರೆ ವೇಗ ತಗ್ಗಿಸಿ ಸುತ್ತು ಹೊಡೆಯುವ ಕಾಳಗಕ್ಕಿಳಿದರೆ ಅದು ಬೇಗ ಹೊರಳಲಾರದು. ಅಂಥ ಕಾಳಗದಲ್ಲಿ ಹಳೆಯ, ನಿಧಾನದ ವಿಮಾನಕ್ಕೇ ಕೊಂಚ ಅನುಕೂಲ.

ಇನ್ನೊಂದು ಮುಖ್ಯ ಸಂಗತಿ ಇಂಧನದ್ದು. ರಾಡಾರ್ ಕಣ್ಣಿಗೆ ಬೀಳದಂತೆ ನೆಲಕ್ಕೆ ತೀರ ಹತ್ತಿರದಲ್ಲಿ ಹಾರುವ ಜೆಟ್ ವಿಮಾನ ಬಲು ಹೆಚ್ಚು ಇಂಧನ ಕುಡಿಯುತ್ತದೆ. ಸರ್ಗೋಧಾದವರೆಗೆ ಹಾಗೆ ಹೋಗಿ ಹಿಂದಿರುಗಲು ಮಿಸ್ಟೇರ್‌ಗೆ ಲೆಕ್ಕ ಹಾಕಿದಷ್ಟೇ ಇಂಧನವಿತ್ತು. ದಾರಿಯಲ್ಲಿ ಕಾಳಗಕ್ಕೆ ನಿಂತ ವೈಮಾನಿಕ ಮರಳಿ ಗಡಿ ಮುಟ್ಟುವುದು ಅನುಮಾನ. ಆದ್ದರಿಂದ ದಾಳಿಗೆ ಹೊರಟವರ ಮೊದಲ ಕರ್ತವ್ಯ ಗುರಿಯನ್ನು ಹೊಡೆದು ಮರಳುವುದೇ ಹೊರತು ಶತ್ರುವಿಮಾನದ ಜೊತೆ ಸೆಣಸುವುದಲ್ಲ. ಇದನ್ನು ತರಬೇತುದಾರರಾಗಿದ್ದ ದೇವಯ್ಯನವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ದಾಳಿ ನಡೆಯಿತು. ಮಿಸ್ಟೇರ್‌ಗಳು ಒಂದೊಂದಾಗಿ ಆದಂಪುರಕ್ಕೆ ಮರಳಿದವು. ದೇವಯ್ಯನವರ ವಿಮಾನ ಬರಲಿಲ್ಲ. ಶತ್ರುನೆಲದ ಮೇಲೆ ಅವರಿಗೆ ಏನಾಯಿತೆಂದು ನಿಖರವಾಗಿ ಹೇಳಬಲ್ಲವರು ಸ್ಕ್ವಾಡ್ರನ್ನಿನಲ್ಲಿ ಯಾರೂ ಇರಲಿಲ್ಲ. ಕಡತದಲ್ಲಿ ಅವರ ಹೆಸರಿನ ಮುಂದೆ ಕಾಣೆಯಾಗಿದ್ದಾರೆ ಎಂದು ನಮೂದಾಯಿತು.

ಕಾಣೆಯಾದವನಿಗೆ ಯಾವ ವಿಧಿ?

ಕೊಡವ ಸಂಪ್ರದಾಯದಲ್ಲಿ ಗಂಡು ಮಗು ಹುಟ್ಟಿದಾಗ ಒಂದು ಗುಂಡು ಹಾರಿಸುತ್ತಾರೆ. ಸಾವು ಸಂಭವಿಸಿದರೆ ಜೋಡಿ ಗುಂಡಿನ ಸದ್ದು ಊರಿಗೆ ಸುದ್ದಿ ಮುಟ್ಟಿಸುತ್ತದೆ. ಹುಟ್ಟು ಸಾವುಗಳೆರಡನ್ನೂ ಹೀಗೆ ಖಚಿತವಾಗಿ ಸಾರುವ ನಾಡಿಗೆ ಕಾಣೆಯಾದವನ ಸ್ಥಿತಿ ವಿಚಿತ್ರವಾದದ್ದು. ಆತ ಸತ್ತನೆಂದು ಒಪ್ಪಿಕೊಂಡರೆ ಆಸೆಯನ್ನು ಕೈಯಾರೆ ಹೂತಂತೆ. ಬದುಕಿದ್ದಾನೆಂದು ಕಾದರೆ ಆ ಕಾಯುವಿಕೆಗೆ ಕೊನೆಯೆಂಬುದಿಲ್ಲ. ಕಾನೂನು ಕೂಡ ಈ ಸಂಕಟವನ್ನು ಬಲ್ಲದು. ಏಳು ವರ್ಷ ಕಾಲ ಸುದ್ದಿಯೇ ಇಲ್ಲದವನು ಬದುಕಿದ್ದಾನೆಂದು ಹೇಳುವವರೇ ಅದನ್ನು ರುಜುವಾತುಪಡಿಸಬೇಕು ಎಂಬ ನಿಯಮ ನಮ್ಮ ಸಾಕ್ಷ್ಯ ಕಾನೂನಿನಲ್ಲಿ 1872ರಿಂದಲೂ ಇದೆ. ಸೇನೆಗಳು ತಮ್ಮದೇ ವಿಚಾರಣೆಯ ಮೂಲಕ ಕಾಣೆಯಾದವರನ್ನು ಮೃತರೆಂದು ಘೋಷಿಸುವ ಪದ್ಧತಿಯಿದೆ. ದೇವಯ್ಯನವರನ್ನೂ ನಂತರ ಮೃತರೆಂದು ಘೋಷಿಸಲಾಯಿತು. ಆದರೆ ಆ ಘೋಷಣೆ ಸಾವನ್ನು ತಿಳಿಸಿತೇ ಹೊರತು ಸಾವಿನ ಬಗೆಯನ್ನು ತಿಳಿಸಲಿಲ್ಲ.

1965 ಕೊಡಗಿನ ಪಾಲಿಗೆ ಭಾರವಾದ ವರ್ಷ. ಸೆಪ್ಟೆಂಬರ್ 22ರಂದು, ಯುದ್ಧದ ಕಟ್ಟಕಡೆಯ ಹೊತ್ತಿನಲ್ಲಿ, ಕಾರ್ಯಪ್ಪನವರ ಪುತ್ರ ನಂದ ಕಾರ್ಯಪ್ಪನವರ ಹಂಟರ್ ವಿಮಾನವನ್ನು ಪಾಕಿಸ್ತಾನದ ಸೈನಿಕರು ಉರುಳಿಸಿದರು, ಅವರು ಯುದ್ಧಕೈದಿಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮುನ್ನ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗನನ್ನು ಬಿಡುಗಡೆ ಮಾಡಲು ಅವರು ಮುಂದೆ ಬಂದಾಗ, ಸೆರೆಯಲ್ಲಿರುವ ಎಲ್ಲ ಭಾರತೀಯ ಯೋಧರೂ ತನಗೆ ಮಕ್ಕಳೇ ಎಂಬ ನಿಲುವು ತಳೆದು ಕಾರ್ಯಪ್ಪನವರು ವಿಶೇಷ ಉಪಕಾರವನ್ನು ನಿರಾಕರಿಸಿದ ಪ್ರಸಂಗ ಪ್ರಸಿದ್ಧ. ನಂದ ಕಾರ್ಯಪ್ಪ ಮುಂದಿನ ವರ್ಷ ಇತರ ಕೈದಿಗಳೊಂದಿಗೆ ಮರಳಿದರು. ವಾಯುಪಡೆಯಲ್ಲಿ ಏರ್ ಮಾರ್ಷಲ್ ಹುದ್ದೆಯವರೆಗೂ ಏರಿದರು. ಡಿಸೆಂಬರ್ 18ರಂದು ಜನರಲ್ ತಿಮ್ಮಯ್ಯನವರು ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿರುವಾಗಲೇ ನಿಧನರಾದರು. ಹೆಸರಾಂತರ ಸುಖದುಃಖಗಳ ಸುದ್ದಿ ಹೀಗೆ ದೇಶದೇಶಗಳನ್ನು ದಾಟಿ ಬಂದ ಆ ಕೆಲವು ತಿಂಗಳುಗಳಲ್ಲಿ ದೇವಯ್ಯನವರ ಬಗ್ಗೆ ಮಾತ್ರ ಆಚೆಯಿಂದ ಯಾವ ಖಚಿತ ಮಾತೂ ಬರಲಿಲ್ಲ. 1966ರ ಜನವರಿಯಲ್ಲಿ ತಾಷ್ಕೆಂಟ್ ಒಪ್ಪಂದವಾಯಿತು. ಯುದ್ಧದ ಪದಕಗಳು ಹಂಚಿಕೆಯಾದವು. ಸರ್ಗೋಧಾ ದಾಳಿಯ ನಾಯಕ ತನೇಜಾ ಅವರಿಗೆ ವೀರ ಚಕ್ರ ಬಂತು. ದೇವಯ್ಯನವರ ಹೆಸರಿಗೆ ಏನೂ ಬರಲಿಲ್ಲ.

ಇದಕ್ಕೆ ಯಾರದೋ ದ್ವೇಷ ಕಾರಣವಲ್ಲ. ವ್ಯವಸ್ಥೆಯ ಸ್ವರೂಪವೇ ಕಾರಣ. ಶೌರ್ಯ ಪದಕಕ್ಕೆ ಶಿಫಾರಸು ಹೊರಡುವುದು ಯೋಧನಿದ್ದ ತುಕಡಿಯಿಂದ. ಆತ ಏನು ಮಾಡಿದ, ಅದನ್ನು ಕಂಡವರು ಯಾರು ಎಂಬುದನ್ನು ಬರೆಯಬೇಕು. ನೆಲದ ಯುದ್ಧದಲ್ಲಿ ಪಕ್ಕದ ಕಂದಕದವನು ನೋಡಿರುತ್ತಾನೆ. ಒಂದೇ ಆಸನದ ಯುದ್ಧವಿಮಾನದಲ್ಲಿ, ಶತ್ರುವಿನ ನೆಲದ ಮೇಲೆ, ಜೊತೆಗಾರರಿಂದ ಬೇರ್ಪಟ್ಟು ಹೋರಾಡಿದವನನ್ನು ನೋಡುವವನು ಒಬ್ಬನೇ, ಆತನೊಡನೆ ಹೋರಾಡುತ್ತಿರುವವನು. ದೇವಯ್ಯನವರ ಪ್ರಕರಣದಲ್ಲಿ ಆ ಏಕೈಕ ಸಾಕ್ಷಿ ಗಡಿಯಾಚೆ ಇದ್ದ.

ಎದುರಾಳಿಯ ಪಾಳಯದ ಸಾಕ್ಷಿ

ಆತನ ಹೆಸರು ಅಮ್ಜದ್ ಹುಸೇನ್. ಆಗ ಪಾಕಿಸ್ತಾನ ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್, ಸ್ಟಾರ್‌ಫೈಟರ್ ವೈಮಾನಿಕ. ಸೆಪ್ಟೆಂಬರ್ 7ರ ಮುಂಜಾನೆ ಏನು ನಡೆಯಿತೆಂಬುದರ ಚಿತ್ರ ಹೊರಜಗತ್ತಿಗೆ ದೊರೆತದ್ದು ಹದಿನಾಲ್ಕು ವರ್ಷಗಳ ನಂತರ. ಜಾನ್ ಫ್ರಿಕರ್ ಎಂಬ ಬ್ರಿಟಿಷ್ ವಾಯುಯಾನ ಲೇಖಕರು 1965ರ ಆಕಾಶ ಸಮರವನ್ನು ಕುರಿತು ಬರೆದ ಪುಸ್ತಕ 1979ರಲ್ಲಿ ಪ್ರಕಟವಾಯಿತು. ಪಾಕಿಸ್ತಾನ ವಾಯುಪಡೆಯ ಸಹಕಾರದಿಂದ, ಅದರ ದಾಖಲೆ ಹಾಗೂ ಅಧಿಕಾರಿಗಳ ನೆನಪುಗಳನ್ನು ಆಧರಿಸಿ ಬರೆದ ಆ ಪುಸ್ತಕ ಸಹಜವಾಗಿಯೇ ಪಾಕಿಸ್ತಾನದ ಸಾಧನೆಗಳ ಕಡೆಗೆ ವಾಲಿದ್ದು. ಆದರೆ ಅದರಲ್ಲಿ ಭಾರತಕ್ಕೆ ತಿಳಿದಿರದ ಒಂದು ಸಂಗತಿ ಇತ್ತು.

ಅದರ ಸಾರ ಇಷ್ಟು. ದಾಳಿ ಮಾಡಿ ಹಿಂದಿರುಗುತ್ತಿದ್ದ ಮಿಸ್ಟೇರ್‌ಗಳನ್ನು ಸ್ಟಾರ್‌ಫೈಟರ್‌ನಲ್ಲಿದ್ದ ಅಮ್ಜದ್ ಹುಸೇನ್ ಬೆನ್ನಟ್ಟಿದರು. ಅವರ ಗುಂಡುಗಳು ಒಂದು ಮಿಸ್ಟೇರ್‌ಗೆ ತಗುಲಿದವು. ಅದು ಮುಗಿಯಿತೆಂದು ಬಗೆದು ಅವರು ಇತರ ವಿಮಾನಗಳತ್ತ ಗಮನ ಹರಿಸಿದರು. ಆದರೆ ಪೆಟ್ಟು ತಿಂದ ಮಿಸ್ಟೇರ್ ಬಿದ್ದಿರಲಿಲ್ಲ. ಅದರ ವೈಮಾನಿಕ ಗಡಿಯತ್ತ ಓಡುವ ಬದಲು ತಿರುಗಿ ನಿಂತರು. ನೆಲಕ್ಕೆ ಸಮೀಪದಲ್ಲಿ ಎರಡು ವಿಮಾನಗಳ ನಡುವೆ ಸುತ್ತು ಕಾಳಗ ನಡೆಯಿತು. ಸ್ಟಾರ್‌ಫೈಟರ್ ತನ್ನ ವೇಗದ ಅನುಕೂಲವನ್ನು ಬಿಟ್ಟುಕೊಟ್ಟು ಅಂಥ ಕಾಳಗಕ್ಕೆ ಇಳಿದದ್ದೇ ಅದಕ್ಕೆ ಮುಳುವಾಯಿತು. ಮಿಸ್ಟೇರ್‌ನ ಫಿರಂಗಿ ಗುಂಡುಗಳು ಸ್ಟಾರ್‌ಫೈಟರ್‌ಗೆ ಬಡಿದವು. ನಿಯಂತ್ರಣ ತಪ್ಪಿದ ವಿಮಾನದಿಂದ ಅಮ್ಜದ್ ಹುಸೇನ್ ಹೊರಚಿಮ್ಮಿ ಪ್ಯಾರಾಚೂಟ್ ಸಹಾಯದಿಂದ ಜೀವ ಉಳಿಸಿಕೊಂಡರು. ಮಿಸ್ಟೇರ್ ಕೂಡ ಅಲ್ಲೇ ಉರುಳಿತು. 1965ರ ಯುದ್ಧದಲ್ಲಿ ಆಕಾಶ ಕಾಳಗದಲ್ಲಿ ಪಾಕಿಸ್ತಾನ ಕಳೆದುಕೊಂಡ ಸ್ಟಾರ್‌ಫೈಟರ್ ಇದೊಂದೇ.

ಆ ಮಿಸ್ಟೇರ್ ಯಾರದು? ಅಂದು ಸರ್ಗೋಧಾದಿಂದ ಮರಳದೆ ಉಳಿದ ಮಿಸ್ಟೇರ್‌ನ ವೈಮಾನಿಕರ ಹೆಸರು ಭಾರತದ ಕಡತದಲ್ಲಿ ಸ್ಪಷ್ಟವಾಗಿಯೇ ಇತ್ತು. ಎರಡು ದೇಶಗಳ ದಾಖಲೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಉತ್ತರ ತಾನಾಗಿಯೇ ಹೊಳೆಯುತ್ತಿತ್ತು. ಅಷ್ಟು ಕೆಲಸವಾಗಲು ವರ್ಷಗಳೇ ಹಿಡಿದವು.

ಈ ನಡುವೆ ಇನ್ನೊಂದು ವಿಚಿತ್ರ ನಡೆದಿತ್ತು. 1971ರ ಡಿಸೆಂಬರ್ ಯುದ್ಧದಲ್ಲಿ ಅದೇ ಅಮ್ಜದ್ ಹುಸೇನ್ ಮತ್ತೊಂದು ಸ್ಟಾರ್‌ಫೈಟರ್‌ನಲ್ಲಿ ಅಮೃತಸರದ ಮೇಲೆ ದಾಳಿಗೆ ಬಂದಾಗ ಭಾರತದ ವಿಮಾನನಿರೋಧಕ ಫಿರಂಗಿಗಳು ಆ ವಿಮಾನವನ್ನು ಕೆಡವಿದವು. ಅವರು ಭಾರತದಲ್ಲಿ ಯುದ್ಧಕೈದಿಯಾಗಿದ್ದರು. ದೇವಯ್ಯನವರ ಕೊನೆಯ ಹೋರಾಟವನ್ನು ಕಣ್ಣಾರೆ ಕಂಡ ವ್ಯಕ್ತಿ ನಮ್ಮ ನೆಲದಲ್ಲಿಯೇ, ನಮ್ಮ ವಶದಲ್ಲಿಯೇ ಇದ್ದು ಮರಳಿಹೋದರು. ದೇವಯ್ಯನವರ ಕಡತ ಮಾತ್ರ ಇದ್ದಲ್ಲಿಯೇ ಇತ್ತು.

ನ್ಯಾಯಾಲಯಗಳಲ್ಲಿ ಒಂದು ಸಾಮಾನ್ಯ ತತ್ತ್ವವಿದೆ. ಒಬ್ಬ ವ್ಯಕ್ತಿ ತನಗೆ ಅನುಕೂಲವಾದುದನ್ನು ಹೇಳಿದರೆ ಅದನ್ನು ಸಂಶಯದಿಂದ ನೋಡಬೇಕು. ತನಗೆ ಪ್ರತಿಕೂಲವಾದುದನ್ನು ತಾನೇ ಒಪ್ಪಿಕೊಂಡರೆ ಅದಕ್ಕೆ ತೂಕ ಹೆಚ್ಚು. ಹಳೆಯ ಮಿಸ್ಟೇರ್ ಒಂದು ತಮ್ಮ ಹೆಮ್ಮೆಯ ಸ್ಟಾರ್‌ಫೈಟರ್ ಅನ್ನು ಕೆಡವಿತು ಎಂದು ಒಪ್ಪಿಕೊಳ್ಳುವುದರಿಂದ ಪಾಕಿಸ್ತಾನಕ್ಕೆ ಯಾವ ಲಾಭವೂ ಇರಲಿಲ್ಲ. ಹಾಗಾಗಿಯೇ ಆ ಸಾಕ್ಷ್ಯ ಅಲ್ಲಗಳೆಯಲಾಗದ್ದು. ನಮ್ಮವರೇ ಯಾರಾದರೂ ಕಂಡೆವೆಂದು ಹೇಳಿದ್ದರೆ ಅದನ್ನು ಪ್ರಚಾರವೆಂದು ತಳ್ಳಿಹಾಕಬಹುದಿತ್ತು.

ವಕಾಲತ್ತು ವಹಿಸಿದ ನಾಯಕ

ಸಾಕ್ಷ್ಯವಿದ್ದ ಮಾತ್ರಕ್ಕೆ ತೀರ್ಪು ಬರುವುದಿಲ್ಲ. ಅದನ್ನು ಎತ್ತಿಹಿಡಿದು ವಾದಿಸುವವರು ಬೇಕು. ಆ ಕೆಲಸ ಮಾಡಿದವರು ವಾಯುಪಡೆಯ ಇತಿಹಾಸವನ್ನು ಕೆದಕಿದ ಕೆಲವು ಅಧಿಕಾರಿಗಳು ಹಾಗೂ ಮುಖ್ಯವಾಗಿ ದೇವಯ್ಯನವರ ಅಂದಿನ ನಾಯಕ ತನೇಜಾ. ಆ ಹೊತ್ತಿಗೆ ಅವರು ಗ್ರೂಪ್ ಕ್ಯಾಪ್ಟನ್ ಆಗಿ ನಿವೃತ್ತರು. ತಮಗೆ ಬರಬೇಕಾದ ಪದಕ ಎಂದೋ ಬಂದಿತ್ತು. ಯಾವ ಪ್ರತಿಫಲವನ್ನೂ ನಿರೀಕ್ಷಿಸದೆ, ತಮ್ಮ ಆಜ್ಞೆಯ ಮೇರೆಗೆ ಹಾರಿ ಮರಳದ ಅಧಿಕಾರಿಗೆ ಸಲ್ಲಬೇಕಾದ ಗೌರವ ಸಲ್ಲಲೆಂದು ಅವರು ಸರ್ಕಾರವನ್ನು ಒತ್ತಾಯಿಸಿದರು.

ಯುದ್ಧ ಮುಗಿದು ಎರಡು ದಶಕಗಳಾದ ಮೇಲೆ, ಆ ಯುದ್ಧದ ಪದಕಗಳ ಪಟ್ಟಿ ಮುಚ್ಚಿಹೋದ ಮೇಲೆ, ಅದಕ್ಕೊಂದು ಹೆಸರನ್ನು ಸೇರಿಸುವುದು ಸುಲಭದ ಮಾತಲ್ಲ. ಆದರೂ ಸರ್ಕಾರ ಒಪ್ಪಿತು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಘೋಷಣೆಯಾಯಿತು. 1950ರ ಗಣರಾಜ್ಯೋತ್ಸವದಂದು ಸ್ಥಾಪನೆಯಾದ ಈ ಪದಕ ಪರಮವೀರ ಚಕ್ರದ ನಂತರದ ಸ್ಥಾನದ್ದು. ಬೆಳ್ಳಿಯ ಐದು ಮೂಲೆಯ ನಕ್ಷತ್ರ, ಅರ್ಧ ಬಿಳಿ ಅರ್ಧ ಕಿತ್ತಳೆ ಬಣ್ಣದ ಪಟ್ಟಿ. ಅದನ್ನು ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ. ಪತಿ ಹೊರಟುಹೋದಾಗ ಎಳೆಯರಾಗಿದ್ದ ಹೆಣ್ಣುಮಕ್ಕಳು ಆ ಹೊತ್ತಿಗೆ ಬೆಳೆದು ದೊಡ್ಡವರಾಗಿದ್ದರು.

ಗಡಿಯಾಚೆಯಿಂದ ಇನ್ನೂ ಒಂದು ಮಾತು ಬರಬೇಕಿತ್ತು, ಅದೂ ಬಂತು. ದೇವಯ್ಯನವರ ದೇಹವನ್ನು ವಿಮಾನ ಬಿದ್ದ ಪ್ರದೇಶದ ಗ್ರಾಮಸ್ಥರು ಕಂಡು ಅಲ್ಲಿಯೇ ಹೊಲಗಳ ನಡುವೆ ಮಣ್ಣು ಮಾಡಿದ್ದರೆಂಬ ವಿವರ ಪಾಕಿಸ್ತಾನದ ಕಡೆಯ ಬರವಣಿಗೆಗಳಿಂದ ತಿಳಿಯಿತು. ಕಾವೇರಿ ಹುಟ್ಟುವ ನಾಡಿನ ಮಗನಿಗೆ ಪಂಜಾಬಿನ ಬಯಲು ಕೊನೆಯ ನೆಲೆಯಾಯಿತು. ಶತ್ರುದೇಶದ ವೈಮಾನಿಕನೆಂದು ತಿಳಿದಿದ್ದೂ ಆತನಿಗೆ ಆರಡಿ ನೆಲ ಕೊಟ್ಟ ಹೆಸರರಿಯದ ಆ ಹಳ್ಳಿಗರನ್ನು ನೆನೆಯದೆ ಈ ಕಥೆ ಪೂರ್ಣವಾಗದು.

ಹೆಸರು ಉಳಿಯಬೇಕಾದ ಬಗೆ

ಪದಕ ಬಂದ ಮೇಲೂ ದೇವಯ್ಯನವರ ಹೆಸರು ಕೊಡಗಿನ ಹೊರಗೆ ಅಷ್ಟಾಗಿ ಹಬ್ಬಲಿಲ್ಲ. 2005ರಲ್ಲಿ ಪಿ.ವಿ.ಎಸ್. ಜಗನ್ ಮೋಹನ್ ಮತ್ತು ಸಮೀರ್ ಚೋಪ್ರಾ ಅವರು 1965ರ ವಾಯುಸಮರ ಕುರಿತು ಬರೆದ ಪುಸ್ತಕ ಆ ಮುಂಜಾನೆಯ ಘಟನೆಗಳನ್ನು ಭಾರತದ ಕಡೆಯಿಂದ ವಿವರವಾಗಿ ಓದುಗರ ಮುಂದಿಟ್ಟಿತು. 2009ರ ಸೆಪ್ಟೆಂಬರ್‌ನಲ್ಲಿ ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿಯ ವೃತ್ತಕ್ಕೆ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ವೃತ್ತ ಎಂದು ನಾಮಕರಣವಾಯಿತು. ಜನರಲ್ ತಿಮ್ಮಯ್ಯನವರು ಹುಟ್ಟಿದ ಮನೆ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದ ಊರಿನಲ್ಲಿ ಈ ವೈಮಾನಿಕನಿಗೂ ಒಂದು ಗುರುತು ದೊರೆತದ್ದು ಸಮಾಧಾನದ ಸಂಗತಿ.

2025ರ ಜನವರಿಯಲ್ಲಿ ತೆರೆಕಂಡ ಸ್ಕೈ ಫೋರ್ಸ್ ಎಂಬ ಹಿಂದಿ ಚಲನಚಿತ್ರ ಸರ್ಗೋಧಾ ದಾಳಿ ಹಾಗೂ ಕಾಣೆಯಾದ ವೈಮಾನಿಕನ ಶೋಧವನ್ನೇ ಕಥಾವಸ್ತುವಾಗಿಸಿಕೊಂಡಿತು. ದೇವಯ್ಯನವರ ಜೀವನದಿಂದ ಪ್ರೇರಿತವಾದ ಪಾತ್ರ ಅದರಲ್ಲಿ ಬೇರೆ ಹೆಸರಿನಿಂದ ಬಂದಿತು. ದೇಶದಾದ್ಯಂತ ಲಕ್ಷಾಂತರ ಜನ ಆ ಕಥೆಯನ್ನು ಅರಿತರೆಂಬ ಸಂತೋಷ ಒಂದೆಡೆ; ಅಜ್ಜಮಾಡ ಎಂಬ ಒಕ್ಕದ ಹೆಸರೂ ಕೊಡಗಿನ ಗುರುತೂ ತೆರೆಯ ಮೇಲಿನ ಪಾತ್ರದಲ್ಲಿ ಉಳಿಯಲಿಲ್ಲವೆಂಬ ಬೇಸರ ಇನ್ನೊಂದೆಡೆ. ಕೊಡಗಿನಲ್ಲಿ ಈ ಕುರಿತು ಚರ್ಚೆಯಾದದ್ದು ಸಹಜವೇ. ಚಲನಚಿತ್ರಕ್ಕೆ ಅದರದೇ ಸ್ವಾತಂತ್ರ್ಯವಿದೆ ಎಂಬುದು ನಿಜ. ಆದರೆ ಇಪ್ಪತ್ತಮೂರು ವರ್ಷ ಕಾಲ ಸಲ್ಲಬೇಕಾದ ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದ ಯೋಧನ ವಿಷಯದಲ್ಲಿ ಹೆಸರು ಎಂಬುದು ಸಣ್ಣ ಸಂಗತಿಯಲ್ಲ.

ದೇವಯ್ಯನವರ ಬದುಕು ನಮ್ಮ ಮುಂದಿಡುವ ಪ್ರಶ್ನೆ ಶೌರ್ಯದ್ದಷ್ಟೇ ಅಲ್ಲ. ಶೌರ್ಯ ಅವರಲ್ಲಿ ಸೆಪ್ಟೆಂಬರ್ 7ರ ಮುಂಜಾನೆಯೇ ಪೂರ್ಣವಾಗಿತ್ತು. 1988ರ ಪದಕ ಅದಕ್ಕೆ ಏನನ್ನೂ ಸೇರಿಸಲಿಲ್ಲ, ಪದಕ ಬಾರದೆ ಇದ್ದಿದ್ದರೂ ಅದು ಕಡಿಮೆಯಾಗುತ್ತಿರಲಿಲ್ಲ. ಪ್ರಶ್ನೆ ಇರುವುದು ಉಳಿದವರ ಕುರಿತು. ಯಾರೂ ನೋಡದ ಜಾಗದಲ್ಲಿ ಕರ್ತವ್ಯ ಮೀರಿ ಹೋರಾಡಿ ಸತ್ತವನಿಗೆ ನಾವು ಏನು ಸಲ್ಲಿಸಬೇಕು? ಕನಿಷ್ಠಪಕ್ಷ ವಿಚಾರಣೆಯನ್ನಾದರೂ ಸಲ್ಲಿಸಬೇಕು. ಸಾಕ್ಷಿಯಿಲ್ಲವೆಂದು ಕಡತ ಮುಚ್ಚುವುದು ಸುಲಭ. ಸಾಕ್ಷಿ ಎಲ್ಲಿದ್ದೀತೆಂದು ಹುಡುಕುವುದು, ಅದು ವೈರಿಯ ಪುಸ್ತಕದಲ್ಲಿ ಸಿಕ್ಕರೂ ಓದುವುದು, ಓದಿದ್ದನ್ನು ಹಿಡಿದು ಸರ್ಕಾರದ ಬಾಗಿಲು ತಟ್ಟುವುದು ಕಷ್ಟದ ಕೆಲಸ. ತನೇಜಾ ಮತ್ತು ಅವರೊಡನಿದ್ದವರು ಆ ಕಷ್ಟದ ಕೆಲಸ ಮಾಡಿದರು.

1965 ಮತ್ತು 1971ರ ಯುದ್ಧಗಳಲ್ಲಿ ಕಾಣೆಯಾದ ಹಲವು ಯೋಧರ ಕಡತಗಳಲ್ಲಿ ಇಂದಿಗೂ ಕೊನೆಯ ಪುಟ ಬರೆದಾಗಿಲ್ಲ. ಅವರ ಕೊನೆಯ ಗಳಿಗೆಯನ್ನು ಬಲ್ಲವರು ಎರಡೂ ದೇಶಗಳಲ್ಲಿ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದಾರೆ. ಮಡಿಕೇರಿಯ ದೇವಯ್ಯ ವೃತ್ತದಲ್ಲಿ ನಾಮಫಲಕ ಓದುವ ಎಳೆಯರಿಗೆ ಒಬ್ಬ ವೈಮಾನಿಕ ಹೇಗೆ ತಿರುಗಿ ನಿಂತು ಹೋರಾಡಿದ ಎಂಬುದನ್ನು ಹೇಳಬೇಕು. ಅದರೊಡನೆ, ಆ ಸತ್ಯ ಹೊರಬರಲು ಎಷ್ಟು ಜನ ಎಷ್ಟು ವರ್ಷ ದುಡಿಯಬೇಕಾಯಿತು ಎಂಬುದನ್ನೂ ಹೇಳಬೇಕು. ವೀರರನ್ನು ಹೆತ್ತ ನಾಡಿಗೆ ವೀರರ ದಾಖಲೆಯನ್ನು ಕಾಯುವ ಹೊಣೆಯೂ ಸೇರಿದೆ.